ದಾವಣಗೆರೆಗೆ ಕೆಲಸಕ್ಕೆ ಬರ್ತಿದ್ದೀರಾ? ಏರಿಯಾ ಆರಿಸುವ ಮುಂಚೆ ನಲ್ಲಿ ತಿರುಗಿಸಿ ನೋಡಿ

"ಅಣ್ಣಾ, ದಾವಣಗೆರೆಗೆ ಪೋಸ್ಟಿಂಗ್ ಆಗಿದೆ. ಯಾವ ಏರಿಯಾ ಒಳ್ಳೇದು?"

ಈ ಫೋನು ನನಗೆ ಬರುತ್ತಲೇ ಇರುತ್ತದೆ. ಬ್ಯಾಂಕಿಗೆ ಸೇರಿದವರು, ಕಾಲೇಜಿನಲ್ಲಿ ಪಾಠ ಮಾಡಲು ಬರುವವರು, ಆಸ್ಪತ್ರೆಗೆ ಬರುವ ನರ್ಸ್‌ಗಳು, ಡಾಕ್ಟರುಗಳು, ಈಚೆಗೆ ಲ್ಯಾಪ್‌ಟಾಪ್ ಒಂದನ್ನೇ ಹಿಡಿದು ಬರುವ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಎಲ್ಲರದೂ ಇದೇ ಪ್ರಶ್ನೆ. ಎಷ್ಟು ಸಲ ಅಂತ ಅದನ್ನೇ ಹೇಳುವುದು, ಒಮ್ಮೆ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಬೆಂಗಳೂರಿನಲ್ಲಿ ಮನೆ ಹುಡುಕಿ ಪಳಗಿದವರು ಇಲ್ಲಿ ಮಾಡುವ ಮೊದಲ ತಪ್ಪು ಎಂದರೆ ಮ್ಯಾಪ್ ತೆಗೆದು ಆಫೀಸಿನಿಂದ ಎಷ್ಟು ಕಿಲೋಮೀಟರ್ ಎಂದು ಅಳೆಯುವುದು. ದಾವಣಗೆರೆಯಲ್ಲಿ ದೂರ ದೊಡ್ಡ ಸಂಗತಿಯೇ ಅಲ್ಲ. ಬೈಕಿದ್ದರೆ ಊರಿನ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಅರ್ಧ ಗಂಟೆಯೊಳಗೆ ಮುಟ್ಟಬಹುದು. ನಿಮ್ಮ ದಿನ ಸಲೀಸಾಗುವುದೋ ಹೈರಾಣಾಗುವುದೋ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಮನೆಗೆ ನೀರು ಹೇಗೆ ಬರುತ್ತದೆ, ರೈಲು ಹಳಿಯ ಯಾವ ಬದಿಗೆ ಇದ್ದೀರಿ, ಮನೆ ಮಾಲೀಕರು ಎಂಥವರು. ಬಾಡಿಗೆ ಎಷ್ಟು ಅನ್ನುವುದನ್ನು ನಾನು ನಾಲ್ಕನೆಯದಾಗಿ ಇಡುತ್ತೇನೆ.

ಬರುವಾಗ ಆಧಾರ್ ನಕಲು, ಆಫೀಸಿನ ಆರ್ಡರ್ ಕಾಪಿ, ನಾಲ್ಕು ಪಾಸ್‌ಪೋರ್ಟ್ ಫೋಟೋ ತನ್ನಿ. ಜೊತೆಗೆ ಒಂದು ಅಳತೆ ಟೇಪು, ಒಂದು ಸಣ್ಣ ಸೋಪು ಇರಲಿ. ಸೋಪು ಯಾಕೆಂದು ಮುಂದೆ ಹೇಳುತ್ತೇನೆ. ಲಾಡ್ಜಿನಲ್ಲೋ ಪರಿಚಯದವರ ಮನೆಯಲ್ಲೋ ಮೂರು ರಾತ್ರಿ ಉಳಿಯುವ ಹಾಗೆ ಬನ್ನಿ, ಅದರಲ್ಲಿ ಎರಡಾದರೂ ವಾರದ ನಡುವಿನ ದಿನಗಳಾಗಿರಲಿ. ಭಾನುವಾರ ಒಂದೇ ದಿನ ಬಂದು ಅಡ್ವಾನ್ಸ್ ಕೊಟ್ಟು ಹೋದವರೇ ಆಮೇಲೆ ನನಗೆ ಎರಡನೇ ಸಲ ಫೋನ್ ಮಾಡುವುದು.

1. ಮೊದಲು ಊರಿನ ನಕ್ಷೆ ತಲೆಗಿಳಿಯಲಿ

ಬೆಂಗಳೂರು–ಹುಬ್ಬಳ್ಳಿ ರೈಲು ಹಳಿ ಊರಿನ ನಡುವೆಯೇ ಹಾದುಹೋಗುತ್ತದೆ. ಹಳಿಯ ಒಂದು ಬದಿಗೆ ಹಳೇ ದಾವಣಗೆರೆ: ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ, ಕೆ.ಆರ್. ಮಾರ್ಕೆಟ್, ದುಗ್ಗಮ್ಮನ ಗುಡಿ, ಆಜಾದ್ ನಗರ, ಬಾಷಾ ನಗರ. ಇನ್ನೊಂದು ಬದಿಗೆ ಪಿ.ಜೆ. ಬಡಾವಣೆ, ಎಂಸಿಸಿ ಎ ಬ್ಲಾಕ್, ಬಿ ಬ್ಲಾಕ್, ವಿದ್ಯಾನಗರ, ನಿಟುವಳ್ಳಿ ಎಂದು ಹಬ್ಬುತ್ತಾ ಹೋದ ಹೊಸ ಊರು. 1997ರಲ್ಲಿ ಜಿಲ್ಲೆಯಾಗಿ, 2007ರಲ್ಲಿ ಮಹಾನಗರ ಪಾಲಿಕೆಯಾದ ಮೇಲೆ ಈ ಹೊಸ ಊರು ಗದ್ದೆ ಬಯಲುಗಳ ಮೇಲೆ ಇನ್ನೂ ಚಾಚಿಕೊಂಡಿದೆ.

ಹಳಿ ದಾಟುವ ಜಾಗಗಳು ಕೈಬೆರಳಲ್ಲಿ ಎಣಿಸುವಷ್ಟು. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ದಶಕಗಳ ಕಾಲ ಊರಿಗೆ ಊರೇ ನಿಂತು ಬೈದುಕೊಂಡಿದೆ. ಕೆಲಸ ಹಳಿಯ ಆಚೆ, ಮನೆ ಈಚೆ ಎಂದಾದರೆ ದಿನಕ್ಕೆ ಎರಡು ಸಲ ಆ ದಟ್ಟಣೆಯಲ್ಲಿ ಸಿಕ್ಕಿಕೊಳ್ಳಬೇಕು. ಎರಡು ಕಿಲೋಮೀಟರ್ ದೂರಕ್ಕೆ ಇಪ್ಪತ್ತು ನಿಮಿಷ ಹಿಡಿಯುವುದು ಇಂಥ ಕಡೆಯೇ. ಆದಷ್ಟೂ ಕೆಲಸ, ಮನೆ ಎರಡೂ ಹಳಿಯ ಒಂದೇ ಬದಿಗೆ ಇರಲಿ.

2. ನಿಮ್ಮ ಕೆಲಸದ ಜಾಗಕ್ಕೆ ಒಗ್ಗುವ ಎರಡು ಬಡಾವಣೆ ಗುರುತು ಮಾಡಿ

ಎರಡೇ ಸಾಕು. ಐದಾರು ಇಟ್ಟುಕೊಂಡರೆ ತಲೆ ಕೆಡುತ್ತದೆ.

ಪಿ.ಜೆ. ಬಡಾವಣೆ, ಚರ್ಚ್ ರೋಡ್ ಸುತ್ತಮುತ್ತ ಆಸ್ಪತ್ರೆ, ಕ್ಲಿನಿಕ್, ಬ್ಯಾಂಕು ಎಲ್ಲ ನಡೆದು ಹೋಗುವಷ್ಟು ಹತ್ತಿರ. ವಾಹನವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಹಗಲು ಹೊತ್ತು ರೋಗಿಗಳ ಕಡೆಯವರ ಕಾರುಗಳು ನಿಮ್ಮ ಗೇಟಿನ ಮುಂದೆಯೇ ನಿಂತಿರುತ್ತವೆ, ಖಾಲಿ ಮನೆಗಳೂ ಕಡಿಮೆ.

ಎಂಸಿಸಿ ಎರಡೂ ಬ್ಲಾಕುಗಳಲ್ಲಿ ಮರದ ನೆರಳಿದೆ, ಪಾರ್ಕುಗಳಿವೆ. ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವ ಹೆಸರು ಇದು. ರಾತ್ರಿ ಒಂಬತ್ತರ ನಂತರವೂ ಬೀದಿಯಲ್ಲಿ ಜನ ಓಡಾಡುತ್ತಿರುತ್ತಾರೆ, ಮಾಮಾಸ್ ಜಾಯಿಂಟ್ ರಸ್ತೆಯಲ್ಲಿ ತಿನ್ನುವುದಕ್ಕೂ ಸಿಗುತ್ತದೆ. ಬೇಡಿಕೆ ಹೆಚ್ಚಿರುವುದರಿಂದ ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ.

ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿಗೋ ತೋಳಹುಣಸೆಯ ವಿಶ್ವವಿದ್ಯಾಲಯಕ್ಕೋ ಹೋಗುವವರಿಗೆ ವಿದ್ಯಾನಗರ, ತರಳಬಾಳು ಬಡಾವಣೆ ಸರಿಹೋಗುತ್ತದೆ. ವಿದ್ಯಾರ್ಥಿಗಳ ರೂಮು, ಪಿ.ಜಿ.ಗಳೂ ಈ ಭಾಗದಲ್ಲೇ ತುಂಬಿಕೊಂಡಿವೆ. ಮೆಸ್ಸು, ಜೆರಾಕ್ಸ್, ಚಹಾ ಅಂಗಡಿಗೆ ಬರವಿಲ್ಲ. ಪರೀಕ್ಷೆ ಮುಗಿದ ರಾತ್ರಿ ಸೈಲೆನ್ಸರ್ ಕಿತ್ತ ಬೈಕುಗಳಿಗೂ ಬರವಿಲ್ಲ.

ಕೈಯಲ್ಲಿ ದುಡ್ಡು ಉಳಿಯಬೇಕು ಅನ್ನುವವರು ನಿಟುವಳ್ಳಿ, ಕೆಟಿಜೆ ನಗರ, ವಿನೋಬನಗರ, ಸರಸ್ವತಿ ನಗರದ ಕಡೆ ನೋಡಿ. ಮನೆಗಳು ಒತ್ತೊತ್ತಾಗಿವೆ, ಕಿರಾಣಿ ಅಂಗಡಿಯವರು ಎರಡೇ ವಾರದಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಕಾರಿದ್ದರೆ ಮಾತ್ರ ನಿಲ್ಲಿಸುವ ಜಾಗ ನೋಡಿಕೊಂಡೇ ಮಾತಾಡಿ. ರಸ್ತೆ ಅಗಲವಾಗಿರಬೇಕು, ಮನೆ ಹೊಸದಾಗಿರಬೇಕು ಅನ್ನುವವರಿಗೆ ಎಸ್. ನಿಜಲಿಂಗಪ್ಪ ಬಡಾವಣೆ, ಸಿದ್ದವೀರಪ್ಪ ಬಡಾವಣೆ, ಆಂಜನೇಯ ಬಡಾವಣೆ, ಎಸ್‌ಎಸ್ ಬಡಾವಣೆ ಇವೆ.

ಹರಿಹರಕ್ಕೋ, ಹೊಳೆಯಾಚೆ ಕುಮಾರಪಟ್ಟಣಂ ಕಾರ್ಖಾನೆಗೋ ಹೋಗುವವರು ಇಲ್ಲೇ ಮನೆ ಮಾಡುವುದು ರೂಢಿ. ಹರಿಹರ ಇಲ್ಲಿಂದ ಹದಿನಾಲ್ಕೇ ಕಿಲೋಮೀಟರ್. ನೀವು ಪಿ.ಬಿ. ರಸ್ತೆಗೆ, ಅಂದರೆ ಹಳೆಯ ಪುಣೆ–ಬೆಂಗಳೂರು ರಸ್ತೆಗೆ, ನಡೆದು ಬರುವಷ್ಟು ಹತ್ತಿರ ಹಿಡಿಯಿರಿ, ಬಸ್ಸು ಹತ್ತುವುದು ಸುಲಭವಾಗುತ್ತದೆ.

ಹಳೇ ದಾವಣಗೆರೆಯನ್ನು ಹೊರಗಿನವರು ಸುಮ್ಮಸುಮ್ಮನೆ ಬಿಟ್ಟುಬಿಡುತ್ತಾರೆ. ಕೆಲಸ ಮಂಡಿಪೇಟೆ ಕಡೆಯೇ ಇದ್ದರೆ ಬಿಡಬೇಡಿ. ತರಕಾರಿ, ದಿನಸಿ, ಬಟ್ಟೆ ಎಲ್ಲ ಬಾಗಿಲಲ್ಲೇ ಸಿಗುತ್ತದೆ, ಬಾಡಿಗೆಯೂ ಕೈಗೆಟುಕುತ್ತದೆ. ಒಂದೇ ಎಚ್ಚರಿಕೆ: ಮಂಡಕ್ಕಿ ಭಟ್ಟಿಗಳಿರುವ ಕಡೆ ಹೊಗೆ ಇರುತ್ತದೆ. ಈ ಊರಿನ ಮಂಡಕ್ಕಿ–ಮಿರ್ಚಿಯನ್ನು ನಾನೂ ಬಿಟ್ಟವನಲ್ಲ, ಆದರೆ ಉಬ್ಬಸ ಇರುವವರು ಭಟ್ಟಿಯ ಹೊಗೆ ಬೀಸುವ ದಿಕ್ಕಿನಲ್ಲಿ ಮನೆ ಮಾಡಬಾರದು.

3. ನೀರು: ಇದನ್ನು ಅವಸರದಲ್ಲಿ ಮುಗಿಸಬೇಡಿ

ಊರಿಗೆ ನೀರು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರಾ ಹೊಳೆಯಿಂದ ಪಂಪು ಮಾಡುವ ನೀರು. ಇನ್ನೊಂದು, ಭದ್ರಾ ನಾಲೆಯಲ್ಲಿ ಬಂದು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ತುಂಬಿಕೊಳ್ಳುವ ನೀರು. ನಾಲೆಗೆ ವರ್ಷವಿಡೀ ನೀರು ಬಿಡುವುದಿಲ್ಲ, ಬೇಸಿಗೆಯಲ್ಲಿ ಹೊಳೆಯೂ ಸೊರಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕೇಳಿದ ಉತ್ತರ ಏಪ್ರಿಲ್‌ಗೆ ನಡೆಯದು. ನೀವು ಕೇಳಬೇಕಾದದ್ದು "ಹೋದ ಬೇಸಿಗೆಯಲ್ಲಿ ಹೇಗಿತ್ತು?" ಅಂತ.

ಇದನ್ನು ಮಾಲೀಕರ ಹತ್ತಿರ ಕೇಳಿ ಪ್ರಯೋಜನವಿಲ್ಲ. ಬೆಳಿಗ್ಗೆ ಆರೂವರೆಗೆ ಆ ಬೀದಿಗೆ ಹೋಗಿ. ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿರುವವರನ್ನು ಕೇಳಿ: "ಅಕ್ಕಾ, ಇಲ್ಲಿ ನಲ್ಲಿ ನೀರು ಯಾವಾಗ ಬಿಡ್ತಾರೆ?" ಅಂತ. "ನಾಕು ದಿನಕ್ಕೊಂದ್ಸಲ ಅಂತಾರ್ರೀ, ಬಂದಾಗ ಬಂತು" ಅಂದರೆ ಅರ್ಥ ಮಾಡಿಕೊಳ್ಳಿ. ಹಾಗೇ ಬೀದಿಯುದ್ದಕ್ಕೂ ಕಣ್ಣು ಹಾಯಿಸಿ. ಕಾಂಪೌಂಡಿನ ಒಳಗೆ, ಮೆಟ್ಟಿಲ ಕೆಳಗೆ, ಗೇಟಿನ ಪಕ್ಕ ನೀಲಿ ಡ್ರಮ್ಮುಗಳು ಎಷ್ಟಿವೆ ಎಣಿಸಿ. ಮನೆಗೆ ಮೂರು ನಾಲ್ಕು ಡ್ರಮ್ಮು ಸಾಲಾಗಿ ನಿಂತಿದ್ದರೆ, ಅವುಗಳ ಬಾಯಿಗೆ ಹಳೇ ಸೀರೆ ಕಟ್ಟಿದ್ದರೆ, ಆ ಬೀದಿಯ ಜನ ನೀರು ಕಾದು ಕಾದು ಕಲಿತಿದ್ದಾರೆ ಎಂದೇ ಲೆಕ್ಕ. ದಿನದ 24 ಗಂಟೆ ನೀರು ಕೊಡಲೆಂದು ಮಾಡಿದ ಜಲಸಿರಿ ಯೋಜನೆಯ ಮೀಟರು ಗೇಟಿನ ಹತ್ತಿರ ಕಂಡ ತಕ್ಷಣ ನಿಶ್ಚಿಂತರಾಗಬೇಡಿ. ಮೀಟರು ಇರುವುದು ಬೇರೆ, ಮೀಟರು ತಿರುಗುವುದು ಬೇರೆ. ಅದನ್ನೂ ಅಕ್ಕನನ್ನೇ ಕೇಳಿ.

ಈಗ ಲೆಕ್ಕ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಒಳಚರಂಡಿ ಇರುವ ನಗರಗಳಿಗೆ ಇಟ್ಟುಕೊಳ್ಳುವ ಅಳತೆ. ಇಬ್ಬರಿದ್ದರೆ 270. ತಾರಸಿಯ ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್ ಒಂದೇ ಇದ್ದರೆ ನಾಲ್ಕನೇ ದಿನಕ್ಕೆ ಖಾಲಿ. ನೀರು ಬರುವುದು ಐದನೇ ದಿನಕ್ಕಾದರೆ? ಅದಕ್ಕೇ ಸಂಪು, ಅಂದರೆ ನೆಲದೊಳಗಿನ ತೊಟ್ಟಿ, ಬೇಕು. ಮುಚ್ಚಳ ತೆಗೆಸಿ ಟೇಪಿನಲ್ಲಿ ಅಳೆಯಿರಿ. ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಹೆಚ್ಚೂಕಡಿಮೆ ಲೀಟರ್ ಸಿಗುತ್ತದೆ. ಆರಡಿ ಉದ್ದ, ಐದಡಿ ಅಗಲ, ಐದಡಿ ಆಳದ ಸಂಪಿನಲ್ಲಿ 4,200 ಲೀಟರ್. ಅದನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ ಎಂದು ಆಮೇಲೆ ಭಾಗಿಸಿ.

ಇಲ್ಲಿ ಬಹಳ ಜನ ಎಡವುವುದು ಮೋಟಾರಿನ ಸ್ವಿಚ್ಚಿನ ವಿಷಯದಲ್ಲಿ. ಸಂಪು ದೊಡ್ಡದೇ ಇರುತ್ತದೆ, ನೀರೂ ಇರುತ್ತದೆ, ಆದರೆ ಸ್ವಿಚ್ ಮಾಲೀಕರ ಅಡುಗೆಮನೆಯೊಳಗೆ! ಅವರು ಮಗಳ ಮನೆಗೆಂದು ಮೂರು ದಿನ ಬಾಗಿಲು ಹಾಕಿಕೊಂಡು ಹೋದರೆ ಮೇಲಿನವರ ನಲ್ಲಿ ಗುಟುರು ಹಾಕತೊಡಗುತ್ತದೆ. ಸ್ವಿಚ್ ಎಲ್ಲಿದೆ, ಕೀಲಿ ಯಾರ ಕೈಲಿದೆ ಎಂದು ಮೊದಲೇ ಕೇಳಿ.

ಬೋರ್ ನೀರು ಇದೆ ಎಂದರೆ ಸೋಪು ತೆಗೆಯಿರಿ. ನಲ್ಲಿ ಬಿಟ್ಟು ಕೈ ತೊಳೆದುಕೊಳ್ಳಿ. ಎಷ್ಟು ಉಜ್ಜಿದರೂ ನೊರೆ ಬರದೆ ಕೈ ಜಿಡ್ಡುಜಿಡ್ಡಾಗಿಯೇ ಉಳಿದರೆ ಗಡಸು ನೀರು. ಬಚ್ಚಲಿನ ನಲ್ಲಿಯ ಬಾಯಿಗೆ, ಷವರಿನ ತೂತುಗಳಿಗೆ ಬಿಳಿ ಹೆಪ್ಪು ಕಟ್ಟಿದ್ದರೂ ಅದೇ. ಬಳಸಲು ಅಡ್ಡಿಯಿಲ್ಲ, ಆದರೆ ಗೀಸರು ಬೇಗ ಕೆಡುತ್ತದೆ, ಕುಡಿಯುವುದಕ್ಕೆ ಬೇರೆ ದಾರಿ ಬೇಕು. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಎಷ್ಟು ದೂರದಲ್ಲಿದೆ ನೋಡಿಕೊಳ್ಳಿ. ಮೂರನೇ ಮಹಡಿಗೆ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ಹತ್ತುವುದನ್ನೂ ಯೋಚಿಸಿ.

ಊರಂಚಿನ ಬಡಾವಣೆಗಳಿಗೆ ಒಂದು ಪ್ರಶ್ನೆ ಹೆಚ್ಚು: "ಇದು ದೂಡಾ ಅಪ್ರೂವ್ಡಾ?" ದೂಡಾ ಎಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಬಾಡಿಗೆದಾರನಿಗೆ ಅದರಿಂದ ಏನಾಗಬೇಕು ಅನ್ನಬಹುದು. ಒಪ್ಪಿಗೆ ಇಲ್ಲದೆ ಎದ್ದ ರೆವಿನ್ಯೂ ಸೈಟುಗಳ ಕಡೆ ಪಾಲಿಕೆಯ ನೀರಿನ ಪೈಪು, ಯುಜಿಡಿ ಅಂದರೆ ಒಳಚರಂಡಿ, ಬೀದಿ ದೀಪ ಎಲ್ಲವೂ ತಡವಾಗುತ್ತವೆ. ಬಾಡಿಗೆ ಕಡಿಮೆ ಇರುವುದಕ್ಕೆ ಅದೇ ಕಾರಣವಾಗಿರಬಹುದು.

4. ಬೀದಿಯನ್ನು ಮೂರು ಹೊತ್ತು ನೋಡಿ

ಬೆಳಿಗ್ಗೆ ಆರೂವರೆ ಆಯಿತು. ಇನ್ನು ಸಂಜೆ ಏಳು, ರಾತ್ರಿ ಹತ್ತು. ಸಂಜೆ ಏಳಕ್ಕೆ ಸೊಳ್ಳೆ, ಪಾರ್ಕಿಂಗ್, ಚರಂಡಿ ವಾಸನೆ ಗೊತ್ತಾಗುತ್ತದೆ. ರಾತ್ರಿ ಹತ್ತಕ್ಕೆ ಬೀದಿ ದೀಪ, ನಾಯಿಗಳ ಗುಂಪು, ಬಾರಿನಿಂದ ಹೊರಬರುವವರು. ಸುತ್ತಮುತ್ತ ಕಲ್ಯಾಣ ಮಂಟಪ ಇದೆಯೇ ಎಂದು ಮ್ಯಾಪಿನಲ್ಲೂ ಕಾಲಿನಲ್ಲೂ ಹುಡುಕಿ. ಮದುವೆ ಕಾಲದಲ್ಲಿ ಬೆಳಗಿನ ಜಾವದ ವಾಲಗ, ರಾತ್ರಿಯ ಆರ್ಕೆಸ್ಟ್ರಾ ಎರಡೂ ನಿಮ್ಮ ಮಲಗುವ ಕೋಣೆಯಲ್ಲೇ ನಡೆದ ಹಾಗಿರುತ್ತದೆ.

ಗದ್ದೆಯ ಪಕ್ಕದ ಮನೆಗಳಿಗೆ ಬಿಡಿಯಾಗಿ ಒಂದು ಮಾತು. ಶಾಮನೂರು, ಕುಂದವಾಡದ ಕಡೆ ಬಡಾವಣೆ ಮುಗಿದಲ್ಲಿ ಗದ್ದೆ ಶುರು. ನಾನೊಮ್ಮೆ ಡಿಸೆಂಬರಿನಲ್ಲಿ ಅಂಥ ಮನೆ ನೋಡಿ, ತಣ್ಣನೆ ಗಾಳಿ, ಎದುರಿಗೆ ಬಯಲು ಎಂದು ಮಾರುಹೋಗಿ ಹಿಡಿದೆ. ಆಗ ಒಂದು ಬೆಳೆ ಕೊಯ್ದಾಗಿತ್ತು, ನಾಲೆ ನಿಂತಿತ್ತು. ಬೇಸಿಗೆ ಬೆಳೆಗೆ ನೀರು ಬಿಟ್ಟು ನಾಟಿ ಶುರುವಾದ ಮೇಲೆ ನೋಡಬೇಕಿತ್ತು ನನ್ನ ಪಾಡು. ಸಂಜೆ ಆರಕ್ಕೇ ಕಿಟಕಿ ಮುಚ್ಚಬೇಕು, ಇಲ್ಲದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ಊಟದ ತಟ್ಟೆ ತುಂಬಾ ಹುಳ. ಇಂಥ ಮನೆ ಹಿಡಿಯುವುದಾದರೆ ಕಿಟಕಿಗೆಲ್ಲ ಸೊಳ್ಳೆ ಜಾಲರಿ ಹಾಕಿಸಿಕೊಡುವಂತೆ ಮಾಲೀಕರನ್ನು ಒಪ್ಪಿಸಿದ ಮೇಲೆಯೇ ಹಿಡಿಯಿರಿ.

5. ಮನೆಯೊಳಗೆ

ಎರಡು ಸಂಗತಿ ಸಾಕು. ಈ ಭಾಗದಲ್ಲಿ ಎರೆಮಣ್ಣು ಹೆಚ್ಚು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬುನಾದಿ ಸರಿ ಹಾಕದ ಮನೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿರುತ್ತದೆ. ಹೊಸ ಬಣ್ಣ ಬಳಿದಿದ್ದರೆ ಬಾಗಿಲುಗಳನ್ನು ತೆರೆದು ಹಾಕಿ ನೋಡಿ, ಚೌಕಟ್ಟಿಗೆ ಸಿಕ್ಕಿಕೊಂಡರೆ ಗೋಡೆ ಕುಳಿತಿದೆಯೇ ಎಂದು ಅನುಮಾನಪಡಿ. ಎರಡನೆಯದು ತಾರಸಿಯ ಮೇಲಿನ ಒಂಟಿ ರೂಮು. ಮಾಲೀಕರು ಅದನ್ನು ಪೆಂಟ್‌ಹೌಸ್ ಎಂದು ಕರೆದರೂ ಏಪ್ರಿಲ್–ಮೇ ತಿಂಗಳಲ್ಲಿ ಅದು ಬೆಣ್ಣೆ ದೋಸೆಯ ಕಾವಲಿಯೇ. ಮನೆಯಿಂದಲೇ ಕೆಲಸ ಮಾಡುವವರಂತೂ ಮಧ್ಯಾಹ್ನ ಮೂರಕ್ಕೆ ಹೋಗಿ ಹತ್ತು ನಿಮಿಷ ಅಲ್ಲಿ ಕೂತು ಎದ್ದು ಬನ್ನಿ. ಅಲ್ಲೇ ಫೋನಿನ ಸಿಗ್ನಲ್ಲೂ ನೋಡಿ, ಪಕ್ಕದ ಮನೆಯವರು ಯಾವ ಇಂಟರ್‌ನೆಟ್ ಹಾಕಿಸಿದ್ದಾರೆ ಎಂದೂ ಕೇಳಿ.

6. ಮಾಲೀಕರ ಜೊತೆ ಮಾತು

ಇಲ್ಲಿ ಮನೆಗಳು ಹೆಚ್ಚಾಗಿ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುತ್ತವೆ. ಮೊಬೈಲಿನಲ್ಲಿ ಹುಡುಕುವುದಕ್ಕಿಂತ ಬಡಾವಣೆಯ ಒಳಗೆ ನಿಧಾನವಾಗಿ ಬೈಕ್ ಓಡಿಸಿ ಟು–ಲೆಟ್ ಬೋರ್ಡು ನೋಡುವುದು, ಹಾಲಿನ ಬೂತು, ಇಸ್ತ್ರಿ ಅಂಗಡಿ, ಕಿರಾಣಿಯವರನ್ನು ವಿಚಾರಿಸುವುದು ಬೇಗ ಫಲ ಕೊಡುತ್ತದೆ. ಬ್ರೋಕರ್ ಹಿಡಿದರೆ ಕಮಿಷನ್ ಎಷ್ಟು ಎಂದು ಮನೆ ತೋರಿಸುವ ಮೊದಲೇ ಬಾಯಿಬಿಟ್ಟು ಮಾತಾಡಿ.

ಹೋದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಯಾವ ಊರು, ಎಲ್ಲಿ ಕೆಲಸ, ಮದುವೆ ಆಗಿದೆಯಾ, ವೆಜ್ಜಾ ನಾನ್‌ವೆಜ್ಜಾ, ಕೊನೆಗೆ ಸ್ವಲ್ಪ ದನಿ ತಗ್ಗಿಸಿ, "ನಿಮ್ಮದು ಯಾವ ಪೈಕಿ?" ಈ ಕೊನೆಯದು ಕೇಳಬಾರದ ಪ್ರಶ್ನೆ, ಆದರೂ ಕೇಳುತ್ತಾರೆ. ಸುಳ್ಳು ಹೇಳಿ ಮನೆ ಹಿಡಿಯಬೇಡಿ ಅನ್ನುವುದು ನನ್ನ ಸಲಹೆ. ಮೊಟ್ಟೆ ಬೇಯಿಸಲೂ ಹೆದರುತ್ತಾ ಹನ್ನೊಂದು ತಿಂಗಳು ಕಳೆಯುವುದು ಬಾಡಿಗೆ ಕೊಟ್ಟು ಜೈಲು ಹಿಡಿದ ಹಾಗೆ. ಆ ಪ್ರಶ್ನೆಗೆ ನಿಂತುಹೋಗುವ ಮನೆ ಬಿಟ್ಟು ಮುಂದಿನ ಗೇಟು ತಟ್ಟಿ.

ಮದುವೆಯಾಗದ ಹುಡುಗರಿಗೆ ಕೆಲವರು ಮನೆ ಕೊಡುವುದಿಲ್ಲ. ಆಫೀಸಿನ ಆರ್ಡರ್ ಕಾಪಿ ತೋರಿಸಿ, ಸಾಧ್ಯವಾದರೆ ಅಪ್ಪ ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ. ನಗಬೇಡಿ, ಅಮ್ಮ ಮಾಲೀಕರ ಮನೆಯಾಕೆಯ ಜೊತೆ ಕಾಲು ಗಂಟೆ ಮಾತಾಡಿದರೆ ನಿಮ್ಮಿಂದ ಆಗದ ಕೆಲಸ ಆಗಿರುತ್ತದೆ. ರಾತ್ರಿ ಗೇಟಿಗೆ ಎಷ್ಟು ಹೊತ್ತಿಗೆ ಬೀಗ, ಸ್ನೇಹಿತರು ಬಂದು ಉಳಿಯಬಹುದೇ ಎಂಬುದನ್ನು ಆಗಲೇ ಕೇಳಿ. ಶಿಫ್ಟ್ ಕೆಲಸದ ನರ್ಸ್‌ಗಳು, ಡಾಕ್ಟರುಗಳು ಇದನ್ನು ಕೇಳದೆ ಒಪ್ಪಲೇಬಾರದು.

7. ದುಡ್ಡು, ಕರಾರು, ಕರೆಂಟು

ಬಾಡಿಗೆ ಸರಿಯಾಗಿದೆಯೇ ಎಂದು ತಿಳಿಯಲು ಅದೇ ಕ್ರಾಸಿನ ಇನ್ನೆರಡು ಖಾಲಿ ಮನೆ ಕೇಳಿ ಬನ್ನಿ. ಅಡ್ವಾನ್ಸ್ ಇಷ್ಟೇ ತಿಂಗಳದ್ದು ಎಂಬ ಕಟ್ಟಳೆ ಇಲ್ಲ, ಚೌಕಾಸಿ ಮಾಡಿ. ಬಾಡಿಗೆಯಲ್ಲಿ ಐನೂರು ಇಳಿಸುವುದಕ್ಕಿಂತ ಅಡ್ವಾನ್ಸ್ ಇಳಿಸುವುದು ಸುಲಭ.

ಕರಾರು ಪತ್ರ ಹನ್ನೊಂದು ತಿಂಗಳಿಗೆ ಮಾಡುತ್ತಾರೆ, ಒಂದು ವರ್ಷ ಮೀರಿದ ಗೇಣಿ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂಬ ಕಾರಣಕ್ಕೆ. ಪತ್ರದಲ್ಲಿ ಮೂರು ಸಾಲು ಇರಲೇಬೇಕು: ಬಿಡುವಾಗ ಎಷ್ಟು ದಿನದ ಮೊದಲು ತಿಳಿಸಬೇಕು, ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಉಳಿದ ಅಡ್ವಾನ್ಸ್ ಯಾವಾಗ ವಾಪಸ್ಸು. ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಕೊಡಿ. ಮನೆಗೆ ಹೊಕ್ಕ ದಿನ ಗೋಡೆ, ನಲ್ಲಿ, ಸಿಂಕು, ಗಾಜು ಎಲ್ಲದರ ವಿಡಿಯೋ ಮಾಡಿ ಮಾಲೀಕರಿಗೂ ಕಳಿಸಿಬಿಡಿ. ಸುಮ್ಮನೆ ಕಳಿಸಿ, ಏನೂ ಬರೆಯಬೇಡಿ.

"ಬಾಡಿಗೆ ಬೇಡ, ಭೋಗ್ಯಕ್ಕೆ ಹಾಕ್ಕೊಳ್ಳಿ" ಅನ್ನುವವರು ಸಿಗುತ್ತಾರೆ. ಭೋಗ್ಯ ಎಂದರೆ ಒಂದೇ ಗಂಟು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟು ವಾಪಸ್ಸು ಪಡೆಯುವುದು. ಹೊಸ ಕೆಲಸದ ಮೇಲೆ ಬಂದವರು ಇದಕ್ಕೆ ಕೈ ಹಾಕಬೇಡಿ. ಹಾಕುವುದೇ ಆದರೆ ಇ.ಸಿ., ಅಂದರೆ ಋಣಭಾರ ಪತ್ರ ತೆಗೆಸಿ ಆ ಮನೆಯ ಮೇಲೆ ಸಾಲ ಇದೆಯೇ ನೋಡಿ. ಮನೆ ಬ್ಯಾಂಕಿನ ಪಾಲಾದರೆ ನಿಮ್ಮ ಗಂಟಿಗಾಗಿ ಅಲೆಯಬೇಕಾದವರು ನೀವೇ.

ಕರೆಂಟಿಗೆ ಬೆಸ್ಕಾಂ ಮೀಟರು ನಿಮಗೆ ಬೇರೆಯೇ ಇರಬೇಕು. ಮಾಲೀಕರ ಮೀಟರಿಗೆ ಸಬ್‌ಮೀಟರ್ ಜೋಡಿಸಿ ಯೂನಿಟ್‌ಗೆ ಇಷ್ಟು ಎಂದು ವಸೂಲಿ ಮಾಡುವ ಕಡೆ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟು, ನಿಮಗೆ ದಕ್ಕುವುದಿಲ್ಲ. 2023ರಲ್ಲಿ ಬಂದ ಈ ಯೋಜನೆ ಬಾಡಿಗೆದಾರರಿಗೂ ಇದೆ. ಆದರೆ ಸೌಲಭ್ಯ 200 ಯೂನಿಟ್ ಮಿತಿಯೊಳಗೆ, ಹಿಂದಿನ ಬಳಕೆಯ ಸರಾಸರಿ ನೋಡಿ ಸಿಗುತ್ತದೆ. ನಿಮ್ಮ ಆಧಾರ್ ಅನ್ನು ಆ ಮನೆಯ ಆರ್‌ಆರ್ ಸಂಖ್ಯೆಗೆ, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆಗೆ ಜೋಡಿಸಬೇಕು. ಹಳೆಯ ಬಾಡಿಗೆದಾರರ ಆಧಾರ್ ಅದಕ್ಕೆ ಅಂಟಿಕೊಂಡೇ ಇದ್ದರೆ ನಿಮ್ಮದು ಸೇರುವುದಿಲ್ಲ. ಹೋಗುವವರು ಊರು ಬಿಡುವ ಮೊದಲೇ ಅವರಿಂದ ಅದನ್ನು ಬಿಡಿಸಿಕೊಳ್ಳಿ. ನೀವೂ ಹಿಂದಿನ ಊರಿನ ಮನೆಯದನ್ನು ಬಿಡಿಸಿಕೊಂಡು ಬನ್ನಿ.

8. ಸಾಮಾನು ಇಳಿಸಿದ ಮೇಲೆ

ಮೊದಲ ವಾರ ಅಡುಗೆಯ ಯೋಚನೆ ಬಿಡಿ, ಹತ್ತಿರದ ಖಾನಾವಳಿ ಹುಡುಕಿ. ಬಿಸಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಸಿಗುತ್ತದೆ, ತಿಂಗಳ ಲೆಕ್ಕಕ್ಕೂ ಹಾಕಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಬೆಂಗಳೂರಿಗೆ ಓಡುವವರಿಗೆ ಜನಶತಾಬ್ದಿ ಇದೆ, 2023ರಿಂದ ಧಾರವಾಡದ ವಂದೇ ಭಾರತ್ ಕೂಡ ಇಲ್ಲಿ ನಿಲ್ಲುತ್ತದೆ. ಶುಕ್ರವಾರ ಸಂಜೆಯ ಟಿಕೆಟನ್ನು ಶುಕ್ರವಾರ ಹುಡುಕಬೇಡಿ.

ಆಟೋದವರಿಗೆ, ಪಾರ್ಸೆಲ್ ಹುಡುಗರಿಗೆ "ಐದನೇ ಮೇನ್, ಎಂಟನೇ ಕ್ರಾಸ್" ಅಂದರೆ ದಿಕ್ಕು ತಪ್ಪುತ್ತಾರೆ. ಇಲ್ಲಿ ವಿಳಾಸ ಸರ್ಕಲ್ಲುಗಳಲ್ಲಿ ಇರುತ್ತದೆ. ರಾಮ್ ಅಂಡ್ ಕೋ, ಗುಂಡಿ ಸರ್ಕಲ್, ಜಯದೇವ ಸರ್ಕಲ್, ವಿದ್ಯಾರ್ಥಿ ಭವನ, ಹೊಂಡದ ಸರ್ಕಲ್ ಈ ಹೆಸರುಗಳನ್ನು ಮೊದಲ ದಿನವೇ ಬಾಯಿಪಾಠ ಮಾಡಿಕೊಳ್ಳಿ. ನಿಮ್ಮ ಮನೆಗೆ ಹತ್ತಿರದ ಸರ್ಕಲ್ ಹೇಳಿ, ಅಲ್ಲಿಂದ ಎಷ್ಟನೇ ಎಡ, ಎಷ್ಟನೇ ಬಲ ಎಂದು ಫೋನಿನಲ್ಲೇ ಕರೆದುಕೊಂಡು ಬನ್ನಿ.